ಚಿಕ್ಕಪ್ಪ ಸೇರಿಸಿದ ಒಂದು ಎಳೆ

ಮುಯ್ಯಿಗೆ ನೂರು ಕೊಡಬಾರದು, ನೂರೊಂದು ಕೊಡಬೇಕು. ಸರಿ, ಒಪ್ಪೋಣ. ಅದೇ ಶಾಸ್ತ್ರವನ್ನು ಮಗ್ಗಕ್ಕೂ ತಂದು ಅಂಟಿಸಿದರೆ ಯಾರಿಗೆ ತಲೆ ಕೆಡುವುದಿಲ್ಲ ಹೇಳಿ?

ಅಣ್ಣನ ಮಗಳ ಮುಹೂರ್ತದ ಸೀರೆಯನ್ನು ಸೇಲಂನ ನಮ್ಮ ಮನೆಯ ಮಗ್ಗದಲ್ಲೇ ನೇಯುವುದೆಂದು ಮಾತಾಗಿತ್ತು. ಅವಳ ಆಸೆ ಒಂದೇ. ಅಂಚಿನಿಂದ ಅಂಚಿಗೆ ಅರಿಶಿನ, ಕೆಂಪು ಚೌಕಳಿ ಇರಬೇಕು, ಎಲ್ಲ ಚೌಕವೂ ಒಂದೇ ಅಗಲ ಇರಬೇಕು. ಅಂಚು ಬಿಟ್ಟು ಸೀರೆಯ ಒಡಲಿಗೆ 4800 ಎಳೆ. ಬಂಗಾರದಂಥ ಸಂಖ್ಯೆ. ನಲವತ್ತೆಂಟರಿಂದ ಭಾಗಿಸಿ, ಅರವತ್ತರಿಂದ ಭಾಗಿಸಿ, ನೂರರಿಂದ ಭಾಗಿಸಿ, ಏನೂ ಮಿಗುವುದಿಲ್ಲ.

ಚಿಕ್ಕಪ್ಪ ಯಾರನ್ನೂ ಕೇಳದೆ, ದೇವರ ಮುಂದೆ ಕಾಯಿ ಒಡೆದು 4801 ಎಂದು ಹೇಳಿಬಿಟ್ಟಿದ್ದರು. ನಮ್ಮಲ್ಲಿ ಕಾಯಿ ಒಡೆದು ಹೇಳಿದ್ದನ್ನು ಹೆಚ್ಚಿಸಬಹುದು, ಇಳಿಸುವಂತಿಲ್ಲ.

"ಸೊನ್ನೇಲಿ ಮುಗಿದ್ರೆ ಮದ್ವೆಗೆ ಆಗಾಕಿಲ್ಲಮ್ಮ. ಒಂದೆಳೆ ತಾನೇ? ಎಲ್ಲಾದ್ರೂ ತುರುಕು" ಎಂದರು.

"ಎಲ್ಲಿ ತುರುಕ್ಲಿ ಚಿಕ್ಕಪ್ಪ? ನಿಮ್ ತಲೆ ಮೇಲಾ?"

ಮಗ್ಗದ ಹಣಿಗೆಯ ಒಂದೊಂದು ಸಂದಿಗೂ ಎರಡೆರಡು ಎಳೆ ಹೋಗಬೇಕು. ಒಂಟಿ ಎಳೆ ಕುಳಿತ ಕಡೆ ಸೀರೆಯುದ್ದಕ್ಕೂ ಗೀರು ಬೀಳುತ್ತದೆ. ಅಷ್ಟರಲ್ಲಿ ಉದ್ದದೆಳೆಗಳ ಹಾಸು ಹಾಕುವವನು ಜಗಲಿಯಿಂದ ಕೂಗಿದ.

"ಅಕ್ಕಾ, ಲೆಕ್ಕ ಇವತ್ತೇ ಕೊಡ್ಬೇಕು. ನಾಳೆಗೆ ಬೇರೆಯೋರ ಹಾಸು ಒಪ್ಕೊಂಡಿವ್ನಿ. ಆಮೇಲೆ ನಾನು ಬರಾದು ನಿಮ್ ಮದ್ವೆ ಊಟಕ್ಕೇಯ!"

ಮದುಮಗಳು ಮುಖ ಊದಿಸಿಕೊಂಡಿದ್ದಳು. ಸಿಟ್ಟು ಬಂದರೆ ಅವಳಿಗೆ ತಮಿಳೇ ಬರುವುದು. ಸುಮ್ಮನೆ ಅಂಗಡಿಯಲ್ಲೇ ಒಂದು ಸೀರೆ ತೆಗೆದುಬಿಡೋಣ ಎಂದಳು. ನೇಕಾರರ ಮನೆಯ ಹುಡುಗಿ ಆಡುವ ಮಾತೇ ಇದು!

ನಾನು ಫೋನ್ ಹಿಡಿದು ಕೂತೆ. 4801ರ ಕೊನೆಗೆ ಒಂದಿದೆ, ಹಾಗಾಗಿ ಎರಡೂ ಐದೂ ಹೋದವು. ಅಂಕಿ ಕೂಡಿದರೆ ಹದಿಮೂರು, ಮೂರೂ ಹೋಯಿತು. ಏಳರಿಂದ ಭಾಗಿಸಿದರೆ ಆರು ಮಿಗುತ್ತದೆ, ಹನ್ನೊಂದರಿಂದ ಐದು, ಹದಿಮೂರರಿಂದ ನಾಲ್ಕು. ಎಪ್ಪತ್ತನ್ನು ಎಪ್ಪತ್ತರಿಂದ ಗುಣಿಸಿದರೇ 4900, ಅದರಾಚೆ ಹುಡುಕುವ ಕೆಲಸವಿಲ್ಲ. ಅರವತ್ತೇಳರವರೆಗೂ ಒತ್ತಿ ನೋಡಿದೆ. ಯಾವುದಕ್ಕೂ ಬಗ್ಗಲಿಲ್ಲ. ಲೋಕದ ಸಂಖ್ಯೆಗಳನ್ನೆಲ್ಲ ಬಿಟ್ಟು ಈ ಮನುಷ್ಯ ಅವಿಭಾಜ್ಯ ಸಂಖ್ಯೆಯೊಂದನ್ನು ದೇವರಿಗೆ ಒಪ್ಪಿಸಿ ಬಂದಿದ್ದರು.

ಬೈಯಲು ಬಾಯಿ ತೆರೆದವಳು ಅಲ್ಲೇ ನಿಂತೆ. ಏಳಕ್ಕೆ ಆರು ಮಿಗುತ್ತದಲ್ಲ, ಇನ್ನೊಂದು ಎಳೆ ಕೊಟ್ಟರೆ? 4802ನ್ನು ಏಳರಿಂದ ಭಾಗಿಸಿದೆ, 686. ಮತ್ತೆ ಏಳರಿಂದ, 98. ಮತ್ತೆ, 14. ಮತ್ತೆ, 2. ಅಂದರೆ ತೊಂಬತ್ತೆಂಟು ಎಳೆಯ ನಲವತ್ತೊಂಬತ್ತು ಚೌಕ! ಎಳೆ ಸಮವಾದ್ದರಿಂದ ಹಣಿಗೆಯಲ್ಲಿ ಒಂಟಿ ಉಳಿಯದು, ಚೌಕ ಬೆಸವಾದ್ದರಿಂದ ಎರಡೂ ಅಂಚಿನ ಪಕ್ಕ ಒಂದೇ ಬಣ್ಣ.

"ಎರಡು ಕಡೇನೂ ಅರಿಶಿನಾನಾ ಅತ್ತೆ?" ಹುಡುಗಿ ಕನ್ನಡಕ್ಕೆ ಇಳಿದಳು.

ಚಿಕ್ಕಪ್ಪನಿಗೆ ಅದೂ ಹಿಡಿಸಲಿಲ್ಲ. "ಎರಡರಾಗೆ ಮುಗೀತೈತೆ. ಜೋಡಿ ಲೆಕ್ಕ ಒಳ್ಳೇದಲ್ಲ."

"ತಾತಾ, ಮದ್ವೆ ಅಂದ್ರೆ ಜೋಡಿನೇ ತಾನೇ? ಮಣೆ ಮೇಲೆ ನಾನೊಬ್ಳೇ ಕೂರ್ಲಾ?"

ಅವರು ಪಂಚಾಂಗಕ್ಕೆ ಕೈ ಹಾಕಿದರು. ಅಷ್ಟರಲ್ಲಿ ನಾನು ಜಗಲಿಗೆ ಓಡಿ, ಅರಿಶಿನದಿಂದ ಶುರುಮಾಡಿ ಅರಿಶಿನಕ್ಕೇ ಮುಗಿಸು, ಒಂದೊಂದಕ್ಕೂ ತೊಂಬತ್ತೆಂಟು ಎಂದು ಹೇಳಿ, ಹಾಸಿನವನನ್ನು ಬೀದಿ ದಾಟಿಸಿಬಿಟ್ಟೆ.