ಮಾತುಗಾರ ‘ಎ’ಯ ತಿದ್ದುಪಡಿ

ನನ್ನ ಮಗಳು ಡಿಪ್ಲೊಮಾ ಸೇರಿದ್ದಾಳೆ ಎಂದು ಉಡುಪಿಯ ಚಿಕ್ಕಮ್ಮನಿಗೆ ಫೋನಿನಲ್ಲಿ ಹೇಳಿದಾಗ ಅವರು, ಕಾಯಿಲೆ ಬಿದ್ದವರನ್ನು ವಿಚಾರಿಸುವ ದನಿಯಲ್ಲಿ, “ಮಾರ್ಕು ಕಮ್ಮಿ ಬಂತಾ ಅವಳಿಗೆ? ಪಾಪ. ಅಡ್ಡಿ ಇಲ್ಲ. ಮೆಕ್ಯಾನಿಕಲ್ಲಾ, ಸಿವಿಲ್ಲಾ?” ಎಂದು ಕೇಳಿದರು. ಅದು ಪಾಲಿಟೆಕ್ನಿಕ್ಕಿನ ಡಿಪ್ಲೊಮಾ ಅಲ್ಲ, ನಮ್ಮ ಪಿಯುಸಿಯ ಹಾಗೆ ಎರಡು ವರ್ಷದ್ದು, ಜಗತ್ತಿನ ಎಲ್ಲ ವಿಶ್ವವಿದ್ಯಾಲಯಗಳೂ ಒಪ್ಪುತ್ತವೆ ಎಂದು ಹತ್ತು ನಿಮಿಷ ವಿವರಿಸಿದೆ. ಚಿಕ್ಕಮ್ಮ ಎಲ್ಲವನ್ನೂ ಕೇಳಿ, “ಆಯ್ತು ಆಯ್ತು, ಕಲಿತರೆ ಸಾಕು” ಎಂದು ನನಗೇ ಸಮಾಧಾನ ಹೇಳಿದರು.

ಅವರನ್ನು ದೂರಿ ಏನು ಪ್ರಯೋಜನ? ಆ ಓದು ಏನೆಂದು ನನಗೂ ಪೂರ್ತಿ ಗೊತ್ತಿರಲಿಲ್ಲ. ನಾನು ಮಲೇಶಿಯಾದ ನಿಲಾಯ್‌ಗೆ ಬಂದು ಹದಿನಾಲ್ಕು ವರ್ಷವಾಯಿತು. ಇಲ್ಲಿ ವೈದ್ಯಕೀಯ ವಿದ್ಯಾರ್ಥಿಗಳಿಗೆ ಶರೀರಕ್ರಿಯಾಶಾಸ್ತ್ರ ಹೇಳಿಕೊಡುತ್ತೇನೆ. ನನ್ನ ಕಾಲದ ಪಿಯುಸಿ ಬಹಳ ಸರಳವಾಗಿತ್ತು. ವಿಜ್ಞಾನದ ನಾಲ್ಕು ವಿಷಯ, ನಾಲ್ಕು ಗೈಡು, ಗೈಡಿನಲ್ಲಿ ಉತ್ತರ. ಪ್ರಶ್ನೆ ಕೇಳುವ ಅಧಿಕಾರ ಪ್ರಶ್ನೆಪತ್ರಿಕೆಗೆ ಮಾತ್ರ ಇತ್ತು, ಅದೂ ವರ್ಷಕ್ಕೊಂದು ಸಲ. ಮಗಳು ಶ್ರಾವ್ಯಳ ಡಿಪ್ಲೊಮಾದಲ್ಲಿ ಆರು ವಿಷಯ. ಜೀವಶಾಸ್ತ್ರ ಓದುವವರು ಅರ್ಥಶಾಸ್ತ್ರವನ್ನೂ ಓದಬೇಕು, ಗಣಿತ ಮಾಡುವವರು ಕಾದಂಬರಿಯನ್ನೂ ಬಿಡಿಸಬೇಕು, ಮೇಲೊಂದು ಪರಭಾಷೆ. ಇಷ್ಟು ಸಾಲದೆಂಬಂತೆ ಸಮಾಜಸೇವೆ ಮಾಡಿ, ಎಷ್ಟು ಗಂಟೆಗೆ ಹೋಗಿ ಎಷ್ಟು ಗಂಟೆಗೆ ಬಂದೆ, ಮನಸ್ಸಿನಲ್ಲಿ ಏನೇನಾಯಿತು ಎಂದು ದಿನಚರಿ ಬರೆಯಬೇಕು. ಅವಳು ಪ್ರತಿ ಭಾನುವಾರ ಬೀದಿ ಬೆಕ್ಕುಗಳ ಆಶ್ರಯಕ್ಕೆ ಹೋಗಿ ಗೂಡು ತೊಳೆದು ಬರುತ್ತಾಳೆ. ಮನೆಯಲ್ಲಿ ತನ್ನ ತಟ್ಟೆ ತೊಳೆಯುವುದು ಸೇವೆಯಲ್ಲಿ ಬರುವುದಿಲ್ಲವಂತೆ.

ಇವೆಲ್ಲದರ ಮೇಲೆ, ನಮಗೆ ಗೊತ್ತಿರುವುದು ನಮಗೆ ಹೇಗೆ ಗೊತ್ತು ಎಂದು ಕೇಳುವ ಒಂದು ಪಾಠವಿದೆ. ಪಾಠ ಶಾಲೆಯಲ್ಲಿ, ಪ್ರಯೋಗ ನಮ್ಮ ಊಟದ ಮೇಜಿನ ಮೇಲೆ. ಒಂದು ದಿನ ನಾನು ಸಾರಿಗೆ ಉಪ್ಪು ಕಡಿಮೆಯಾಗಿದೆ ಎಂದೆ. ಅದು ಸಾರಿನ ಗುಣವೋ, ನನ್ನ ನಾಲಿಗೆಯ ಅಭಿಪ್ರಾಯವೋ ಎಂದು ಮಗಳು ಕೇಳಿದಳು. ನಾಲಿಗೆಯ ರುಚಿಮೊಗ್ಗುಗಳ ವಿಷಯ ನನ್ನದೇ ಕ್ಷೇತ್ರವಾದ್ದರಿಂದ ಉತ್ಸಾಹದಿಂದ ಶುರುಮಾಡಿದೆ. ನನ್ನ ಹೆಂಡತಿ ಮಾಲತಿ ಮೈಸೂರಿನವಳು, ಇಂಥ ಚರ್ಚೆಗಳ ಅಂತ್ಯ ಬಲ್ಲವಳು. ಉಪ್ಪಿನ ಡಬ್ಬಿಯನ್ನು ನನ್ನ ಮುಂದೆ ಇಟ್ಟು ಒಳಗೆ ಹೋದಳು.

ಅಂದಹಾಗೆ, ಮಗಳು ಕನ್ನಡದಲ್ಲಿ ಕೇಳಿದಳು ಎಂದು ನೀವು ಭಾವಿಸಬೇಡಿ. ಇಲ್ಲಿ ಬೆಳೆದ ನಮ್ಮ ಮಕ್ಕಳೆಲ್ಲರಂತೆ ಅವಳೂ ಕನ್ನಡವನ್ನು ಕೇಳಿಸಿಕೊಳ್ಳುತ್ತಾಳೆ, ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುತ್ತಾಳೆ. ಅವಳ ಮಾತನ್ನು ನಾನೇ ಕನ್ನಡ ಮಾಡಿ ನಿಮಗೆ ಒಪ್ಪಿಸುತ್ತಿದ್ದೇನೆ.

ಈ ಡಿಪ್ಲೊಮಾದ ದೊಡ್ಡ ಹೊರೆಯೆಂದರೆ ನಾಲ್ಕು ಸಾವಿರ ಪದಗಳ ಒಂದು ಪ್ರಬಂಧ. ವಿದ್ಯಾರ್ಥಿಯೇ ವಿಷಯ ಹುಡುಕಿ, ಸಂಶೋಧನೆ ಮಾಡಿ ಬರೆಯಬೇಕು. ಕೊನೆಗೆ ಮಾರ್ಗದರ್ಶಕಿ ಇದು ಈ ಹುಡುಗಿಯದೇ ಬರಹ ಎಂದು ಸಹಿ ಹಾಕಬೇಕು. ಸಹಿ ಇಲ್ಲದಿದ್ದರೆ ಪ್ರಬಂಧವಿಲ್ಲ, ಪ್ರಬಂಧವಿಲ್ಲದಿದ್ದರೆ ಆರು ವಿಷಯದಲ್ಲಿ ಎಷ್ಟು ಅಂಕ ಬಂದರೂ ಡಿಪ್ಲೊಮಾ ಇಲ್ಲ. ಮಗಳು ಹೃದಯದ ಬಗ್ಗೆಯೋ ಮೂತ್ರಪಿಂಡದ ಬಗ್ಗೆಯೋ ಬರೆಯುತ್ತಾಳೆ, ನನ್ನ ಕಪಾಟಿನ ಪುಸ್ತಕಗಳಿಗೆ ಒಂದು ಗತಿ ಸಿಗುತ್ತದೆ ಎಂದುಕೊಂಡಿದ್ದೆ. ಅವಳು ಆರಿಸಿದ ವಿಷಯ ಬೇರೆ: ಇಲ್ಲಿನ ಕನ್ನಡದ ಮನೆಗಳಲ್ಲಿ ಜನ ಊಟದ ಹೊತ್ತಿನಲ್ಲಿ ಯಾವ ಕ್ಷಣದಲ್ಲಿ ಇಂಗ್ಲಿಷಿಗೆ ಹಾರುತ್ತಾರೆ, ಏಕೆ?

ಅದಕ್ಕಾಗಿ ನಾಲ್ಕು ಮನೆ ಹಿಡಿದಳು. ರಾಜಧಾನಿಯ ಮಾಂಟ್ ಕಿಯಾರಾ ಬಡಾವಣೆಯಲ್ಲಿ ಎರಡು, ಅಲ್ಲೇ ಬಾಂಗ್ಸಾರಿನಲ್ಲಿ ಒಂದು, ನಾಲ್ಕನೆಯದು ನಮ್ಮದೇ. ಎರಡು ವಾರ ನಮ್ಮ ಸಾರಿನ ಪಾತ್ರೆಯ ಪಕ್ಕದಲ್ಲಿ ಅವಳ ಫೋನು ಮಲಗಿಕೊಂಡು ನಮ್ಮ ಮಾತು ಕೇಳಿಸಿಕೊಂಡಿತು. ಎಲ್ಲರಿಂದಲೂ ಒಪ್ಪಿಗೆಪತ್ರಕ್ಕೆ ಸಹಿ ಪಡೆದಳು. ನಮ್ಮ ಕಾಲೇಜಿನಲ್ಲಿ ಸಂಶೋಧನಾ ನೀತಿ ಸಮಿತಿಯ ಸದಸ್ಯ ನಾನು. ಒಪ್ಪಿಗೆಪತ್ರವನ್ನು ಓದದೆ ಸಹಿ ಮಾಡಬಾರದು ಎಂದು ಪ್ರತಿ ವರ್ಷ ಒಂದು ಗಂಟೆ ಉಪನ್ಯಾಸ ಕೊಡುತ್ತೇನೆ. ಮಗಳು ತಂದದ್ದನ್ನು ದೋಸೆ ತಿನ್ನುತ್ತಾ ಎಡಗೈಯಲ್ಲಿ ಸಹಿ ಮಾಡಿದೆ.

ಒಂದು ಭಾನುವಾರ ಅವಳು ಬೆಕ್ಕುಗಳ ಸೇವೆಗೆ ಹೊರಟವಳು, ಕಂಪ್ಯೂಟರಿನಲ್ಲಿ ಪ್ರಬಂಧ ತೆರೆದಿಟ್ಟು, ಕೊನೆಯ ಪುಟದಲ್ಲಿ ಆಕರಗಳ ಕ್ರಮಸಂಖ್ಯೆ ಸರಿಯಿದೆಯೇ ಎಂದಷ್ಟೇ ನೋಡಲು ಹೇಳಿ ಹೋದಳು. ಕೊನೆಯ ಪುಟ ಎಂದು ಒತ್ತಿ ಹೇಳಿದ್ದಳು. ಸಂಖ್ಯೆ ನೋಡಿದೆ. ಸರಿಯಿತ್ತು. ಎದ್ದು ಹೋಗಬಹುದಾಗಿತ್ತು. ಹೋಗದೆ ಮೊದಲ ಪುಟಕ್ಕೆ ಬಂದೆ.

ಐದನೆಯ ಪುಟದಲ್ಲಿ ನಾನಿದ್ದೆ. ಹೆಸರಿರಲಿಲ್ಲ, ಮಾತುಗಾರ ‘ಎ’ ಎಂದಿತ್ತು. ಗಂಡಸು, ಐವತ್ತೊಂದು ವರ್ಷ, ಅಧ್ಯಾಪಕ. “ಮಾತುಗಾರ ‘ಎ’ ಮನೆಯಲ್ಲಿ ಸಾಮಾನ್ಯವಾಗಿ ಕನ್ನಡವನ್ನೇ ಆಡುತ್ತಾರೆ. ಕೇಳಿದ್ದಕ್ಕೆ ಉತ್ತರ ಗೊತ್ತಿಲ್ಲದಾಗ, ಅಥವಾ ಗೊತ್ತಿದ್ದೂ ಹೇಳಲು ಮನಸ್ಸಿಲ್ಲದಾಗ, ಇಂಗ್ಲಿಷಿಗೆ ಹೋಗುತ್ತಾರೆ. ಆಗ ಅವರ ವಾಕ್ಯಗಳು ಉದ್ದವಾಗುತ್ತವೆ.” ಕೆಳಗೆ ಉದಾಹರಣೆ. ಮಗಳು ಊಟದ ನಡುವೆ, ತಾನು ಡಾಕ್ಟರಾಗದಿದ್ದರೆ ಅಪ್ಪನಿಗೆ ಬೇಜಾರಾಗುತ್ತದೆಯೇ ಎಂದು ಕೇಳಿದ್ದಾಳೆ. ಮಾತುಗಾರ ‘ಎ’ ಎರಡು ನಿಮಿಷ ಇಂಗ್ಲಿಷ್ ಮಾತಾಡಿದ್ದಾರೆ. ಮಾತಿನಲ್ಲಿ ಅವಕಾಶಗಳು, ಮಾರುಕಟ್ಟೆ, ಸಮತೋಲನ ಎಲ್ಲ ಇದ್ದವು. ಹೌದು ಅಥವಾ ಇಲ್ಲ ಇರಲಿಲ್ಲ.

ಇಲ್ಲಿ ನನ್ನ ಶಾಸ್ತ್ರದ ಒಂದು ಮಾತು ಹೇಳಬೇಕು. ಬಿಸಿ ಪಾತ್ರೆಗೆ ಕೈ ತಗುಲಿದರೆ ಕೈ ತಾನೇ ಹಿಂದಕ್ಕೆ ಬರುತ್ತದೆ. ಅದಕ್ಕೆ ಮಿದುಳಿನ ಅಪ್ಪಣೆ ಬೇಕಿಲ್ಲ, ಬೆನ್ನುಹುರಿಯೇ ಆಜ್ಞೆ ಕೊಟ್ಟುಬಿಡುತ್ತದೆ. ಮಿದುಳಿಗೆ ಸುದ್ದಿ ತಡವಾಗಿ ಮುಟ್ಟುತ್ತದೆ, ಮುಟ್ಟಿದ ಮೇಲೆ ಎಲ್ಲ ತನ್ನದೇ ತೀರ್ಮಾನವೆಂದು ಅದು ನಂಬುತ್ತದೆ. ಉತ್ತರಪತ್ರಿಕೆ ತಿದ್ದುವ ಮೇಷ್ಟರ ಕೈಯೂ ಹಾಗೆಯೇ ಕೆಲಸ ಮಾಡುತ್ತದೆ ಎಂದು ನಾನು ವಾದಿಸಬಲ್ಲೆ. ಆದರೆ ಆ ಮಧ್ಯಾಹ್ನ ನಾನು ಮಾಡಿದ್ದು ಬೆನ್ನುಹುರಿಯ ಕೆಲಸವಲ್ಲ. ಬೇರೆ ಕಡೆ ಮೂರು ಪ್ಯಾರಾ ಬರೆದು, ಎರಡು ಸಲ ಓದಿ, ಅರ್ಧ ಡಜನ್ ಪದ ಬದಲಾಯಿಸಿ, ಆಮೇಲೆ ಒಟ್ಟಿಗೆ ಎತ್ತಿ ಐದನೆಯ ಪುಟದಲ್ಲಿ ಇಟ್ಟೆ. ಮಾತುಗಾರ ‘ಎ’ ಇಂಗ್ಲಿಷಿಗೆ ಹೋಗಲು ಅವರ ವೃತ್ತಿಯ ಪಾರಿಭಾಷಿಕ ಪದಗಳೂ ಕಾರಣವಾಗಿರಬಹುದು, ಒಂದೇ ನಿರ್ಣಯಕ್ಕೆ ಬರುವುದು ಅವಸರವಾದೀತು, ಹಲವು ಆಯಾಮಗಳನ್ನು ಗಮನಿಸುವುದು ಒಳಿತು, ಇತ್ಯಾದಿ. ಕಪ್ಪೆಯೊಂದು ತನ್ನನ್ನು ಸೀಳಿದ ಪ್ರಯೋಗದ ವರದಿಯನ್ನು ತಾನೇ ತಿದ್ದಿದಂತಾಯಿತು. ಆ ಹೊತ್ತಿನಲ್ಲಿ ನನಗೆ ಹಾಗೆ ಹೊಳೆಯಲಿಲ್ಲ. ಮಗಳ ಪ್ರಬಂಧಕ್ಕೆ ಸ್ವಲ್ಪ ತೂಕ ಬಂತು ಎಂದೇ ಸಂತೋಷಪಟ್ಟೆ.

ಮಗಳು ಸಂಜೆ ಬಂದು, ಒಳಗೆ ಏನಾಗಿದೆಯೆಂದು ನೋಡದೆ, ಮಾರ್ಗದರ್ಶಕಿಗೆ ಕಳಿಸಿದಳು. ನಾನು ಹೇಳಬಹುದಾಗಿತ್ತು. ಆಗ ಮಾಲತಿ ತಮಿಳು ಮುಸ್ಲಿಮರ ಮಾಮಕ್ ಅಂಗಡಿಯಿಂದ ತಪಾವ್, ಅಂದರೆ ಪಾರ್ಸೆಲ್, ಮಾಡಿಸಿ ತಂದ ರೋಟಿ ಚನಾಯ್ ಎಂಬ ಪರೋಟ ಬಿಸಿಯಾಗಿತ್ತು, ತಿನ್ನುತ್ತಾ ಕೂತೆ.

ಮೂರು ದಿನದ ನಂತರ ಮಗಳು ಶಾಲೆಯಿಂದ ಬಂದು ಚೀಲವನ್ನೂ ಇಳಿಸದೆ ಊಟದ ಮೇಜಿನ ಬಳಿ ನಿಂತಳು. ಮಾರ್ಗದರ್ಶಕಿ ಮಿಸ್ ರೊಹಾನಾ ಐದನೆಯ ಪುಟಕ್ಕೆ ಬೆರಳಿಟ್ಟಿದ್ದರಂತೆ. ಈ ಮೂರು ಪ್ಯಾರಾಗಳನ್ನು ಮನುಷ್ಯರು ಬರೆದಿಲ್ಲ, ಕೃತಕ ಬುದ್ಧಿಯ ಯಂತ್ರದಿಂದ ಬರೆಸಿದ್ದು ಎಂದು ಅವರಿಗೆ ಅನುಮಾನ. ನುಣುಪಾಗಿದೆ, ಎರಡೂ ಕಡೆ ಮಾತಾಡುತ್ತದೆ, ಏನನ್ನೂ ಹೇಳುವುದಿಲ್ಲ ಎಂದರಂತೆ. ಮೇಲಾಗಿ ಕಡತದ ಇತಿಹಾಸ ತೆರೆದು ನೋಡಿದರೆ, ಮೂರೂ ಪ್ಯಾರಾ ಭಾನುವಾರ ಮಧ್ಯಾಹ್ನ ಒಂದೇ ಏಟಿಗೆ ಬಂದು ಬಿದ್ದಿವೆ. ಅದೇ ಹೊತ್ತಿಗೆ ತಾನು ಬೆಕ್ಕಿನ ಗೂಡು ತೊಳೆಯುತ್ತಿದ್ದೆ ಎಂದು ಮಗಳು ಸೇವಾ ದಿನಚರಿಯಲ್ಲಿ ಬರೆದಿದ್ದಾಳೆ. ಹಾಗಾಗಿ ಈಗ ಪ್ರಬಂಧದ ಜೊತೆಗೆ ಬೆಕ್ಕುಗಳ ಮೇಲೂ ಸಂಶಯ ಹುಟ್ಟಿದೆ. ಶುಕ್ರವಾರದೊಳಗೆ ಸರಿಯಾದ ವಿವರಣೆ ಸಿಗದಿದ್ದರೆ ಸಹಿ ಇಲ್ಲ.

ಇಪ್ಪತ್ತೈದು ವರ್ಷ ಸಮಿತಿಗಳಲ್ಲಿ ಕೂತು ಸಂಪಾದಿಸಿದ ಶೈಲಿ ನನ್ನದು. ಅದನ್ನು ಯಂತ್ರದ್ದು ಎಂದದ್ದಕ್ಕೆ ಮೊದಲು ಕೋಪವೇ ಬಂತು. ಅವಳ ಮುಖ ನೋಡಿದ ಮೇಲೆ ಹೆದರಿಕೆಯಾಯಿತು. ಅವಳ ಎರಡು ವರ್ಷದ ಓದು ನನ್ನ ಮೂರು ಪ್ಯಾರಾಗಳ ಕೆಳಗೆ ಸಿಕ್ಕಿಕೊಂಡಿತ್ತು.

“ನನ್ನ ಫೈಲ್ ಮುಟ್ಟಿದ್ರಾ?” ಎಂದು ಅವಳು ಇಂಗ್ಲಿಷಿನಲ್ಲಿ ಕೇಳಿದಳು.

“ವೆಲ್,” ಎಂದೆ, “ದೇರ್ ಕುಡ್ ಬಿ ಸೆವರಲ್ ಎಕ್ಸ್‌ಪ್ಲನೇಷನ್ಸ್...”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಮಾಲತಿ ಮಗಳ ಕಡೆ ನೋಡಿದಳು. “ಇಂಗ್ಲಿಷ್ ಬಂತು ನೋಡು” ಎಂದಳು. ಮಗಳು ಪ್ರಬಂಧವನ್ನು ಅಮ್ಮನಿಗೆ ಮೊದಲೇ ಓದಿ ಹೇಳಿದ್ದಳೆಂದು ನನಗೆ ಆಗ ತಿಳಿಯಿತು. ಮಗಳು ಚೀಲ ಇಳಿಸಿ, ಕುರ್ಚಿ ಎಳೆದುಕೊಂಡು ಕೂತಳು. ಅವಳು ರೇಗಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಶಾಲೆಗೆ ಒಂದು ಪತ್ರ ಬರೆದುಕೊಡುತ್ತೇನೆ ಎಂದೆ. ಬೇಡ, ಪತ್ರ ಓದಿದರೆ ಅದನ್ನೂ ಯಂತ್ರ ಬರೆದಿದೆ ಎನ್ನುತ್ತಾರೆ, ನೀವೇ ಬಂದು ಹೇಳಿ ಎಂದಳು ಮಗಳು. ಮಾಲತಿ ಒಂದು ಮಾತು ಸೇರಿಸಿದಳು: “ಏನ್ರೀ, ಅಲ್ಲಿ ಹೋಗಿ ಲೆಕ್ಚರ್ ಕೊಡ್ಬೇಡಿ. ಎರಡು ಮಾತು ಹೇಳಿ ಬನ್ನಿ, ಸಾಕು.”

ಶುಕ್ರವಾರ ಬೆಳಿಗ್ಗೆ ರಜೆ ಹಾಕಿ ಹೋದೆ. ನಾನು ಪರೀಕ್ಷಕನಾಗಿ ಎಷ್ಟೋ ಮಕ್ಕಳನ್ನು ಎದುರು ಕೂರಿಸಿಕೊಂಡು ಬೆವರಿಳಿಸಿದವನು. ಮೇಜಿನ ಈಚೆ ಬದಿಯಲ್ಲಿ ಕುರ್ಚಿ ಇಷ್ಟು ತಗ್ಗಾಗಿರುತ್ತದೆಂದು ಗೊತ್ತಿರಲಿಲ್ಲ. ಮಿಸ್ ರೊಹಾನಾ ನನ್ನ ವಿದ್ಯಾರ್ಥಿನಿಯಷ್ಟು ವಯಸ್ಸಿನವರು, ಸೌಮ್ಯ ಮುಖ. “ಸಿಟ್ ಲಾ, ಡಾಕ್ಟರ್” ಎಂದು ಇಲ್ಲಿಯವರ ಇಂಗ್ಲಿಷಿನಲ್ಲಿ ಕೂರಲು ಹೇಳಿದರು. ಪಕ್ಕದಲ್ಲಿ ಮಗಳು ಕೂತಿದ್ದಳು, ಮುಂದೆ ಪ್ರಬಂಧ, ಐದನೆಯ ಪುಟ ತೆರೆದಿತ್ತು.

ನಾನು ಶುರುಮಾಡಿದೆ. ಕಡತದಲ್ಲಿ ಕೆಲವು ಬದಲಾವಣೆಗಳು ಆಗಿರುವುದು ಗಮನಕ್ಕೆ ಬಂದಿದೆ ಎಂದು ಇಂಗ್ಲಿಷಿನಲ್ಲಿ ಹೇಳಿದೆ. ಯಾರಿಂದ ಎಂದು ಅವರು ಕೇಳಿದರು. ಮನೆಯ ಪರಿಸರದಲ್ಲಿ ಕಂಪ್ಯೂಟರು ಎಲ್ಲರ ಬಳಕೆಗೂ ಇರುವುದರಿಂದ, ಸದುದ್ದೇಶದಿಂದಲೇ ಆದರೂ, ಇಂಥದ್ದು ಸಂಭವಿಸುವ ಸಾಧ್ಯತೆ ಇರುತ್ತದೆ ಎಂದೆ. ಅವರು ತಾಳ್ಮೆಯಿಂದ ತಲೆಯಾಡಿಸಿ, ಯಾರು ಡಾಕ್ಟರ್ ಎಂದು ಮತ್ತೆ ಕೇಳಿದರು. ನನ್ನ ಬಾಯಿಂದ ವಾಕ್ಯಗಳು ಹೊರಡುತ್ತಲೇ ಇದ್ದವು, ಒಂದರಲ್ಲೂ ನಾನಿರಲಿಲ್ಲ. ಮಿಸ್ ರೊಹಾನಾ ಒಮ್ಮೆ ಪುಟವನ್ನು, ಒಮ್ಮೆ ನನ್ನನ್ನು ನೋಡಿದರು. ಆ ಮೂರು ಪ್ಯಾರಾ ಎಲ್ಲಿಂದ ಬಂದವೆಂದು ಅವರಿಗೆ ಅರ್ಥವಾಗತೊಡಗಿರಬೇಕು. ಆದರೆ ಅರ್ಥವಾದದ್ದನ್ನು ನಂಬಿ ಸಹಿ ಹಾಕಲಾಗದು, ನಾನು ಬಾಯಿಬಿಟ್ಟು ಹೇಳಲೇಬೇಕಿತ್ತು.

ಆಗ ಮಗಳು ನನ್ನ ತೋಳು ಮುಟ್ಟಿದಳು.

“ಅಪ್ಪಾ, ಕನ್ನಡದಲ್ಲಿ ಹೇಳಿ. ನಾನ್ ಅವ್ರಿಗೆ ಹೇಳ್ತೀನಿ.”

ಇದನ್ನು ನಾನು ಕನ್ನಡ ಮಾಡಿದ್ದಲ್ಲ. ಅವಳು ಕನ್ನಡದಲ್ಲೇ ಹೇಳಿದಳು, ಅವಳ ಅಮ್ಮನ ಮೈಸೂರಿನ ಕನ್ನಡದಲ್ಲಿ. ಇಷ್ಟು ಮಾತು ಅವಳಲ್ಲಿ ಇಷ್ಟು ದಿನ ಇತ್ತೆಂಬುದನ್ನು ನಾನು ಗಮನಿಸಿಯೇ ಇರಲಿಲ್ಲ.

“ಅದು ಬರ್ದದ್ದು ನಾನೇ ಮಗಾ” ಎಂದೆ. “ನಿನ್ನ ಹತ್ರ ಒಂದು ಮಾತು ಕೇಳ್ಲಿಲ್ಲ. ನೀನು ನನ್ನ ಬಗ್ಗೆ ಬರ್ದದ್ದು ಓದಿ ನಾಚಿಕೆ ಆಯ್ತು. ಸುಳ್ಳು ಅಂತ ಅಲ್ಲ. ಸುಳ್ಳಾಗಿದ್ರೆ ನಗ್ತಿದ್ದೆ. ನೀನು ಡಾಕ್ಟ್ರಾಗದಿದ್ರೆ ನಂಗೆ ಬೇಜಾರಾಗ್ತದೆ, ಹೌದು. ಅದು ನನ್ನ ಬೇಜಾರು, ನಾನು ನೋಡಿಕೊಳ್ತೇನೆ. ಅದನ್ನ ನಿಂಗೆ ಹೇಳ್ಲಿಕ್ಕೆ ಧೈರ್ಯ ಬರ್ಲಿಲ್ಲ, ಅದಕ್ಕೆ ನಿನ್ನ ಪುಟ ತಿದ್ದಿದೆ. ತಪ್ಪಾಯ್ತು.”

ಮಿಸ್ ರೊಹಾನಾ ಪೆನ್ನು ಹಿಡಿದು ಕಾಯುತ್ತಿದ್ದರು. ನಾನು ಹೇಳಿದ್ದನ್ನೆಲ್ಲ ಮಗಳು ಹೇಗೆ ಇಂಗ್ಲಿಷಿಗೆ ದಾಟಿಸುತ್ತಾಳೆ, ಯಾವುದನ್ನು ಬಿಡುತ್ತಾಳೆ ಎಂದು ನಾನೂ ಕಾದೆ. ಅವಳು ಮಾರ್ಗದರ್ಶಕಿಯ ಕಡೆ ತಿರುಗಿ ಎರಡೇ ಮಾತು ಹೇಳಿದಳು.

“ಅದನ್ನು ಬರೆದದ್ದು ಅಪ್ಪ. ನಾನು ಬರೆದದ್ದು ನಿಜವಂತೆ.”

ಮಿಸ್ ರೊಹಾನಾ ನನ್ನ ಮೂರು ಪ್ಯಾರಾಗಳ ಮೇಲೆ ಉದ್ದಕ್ಕೆ ಗೆರೆ ಎಳೆದು, ಅವನ್ನು ತೆಗೆದು ಸೋಮವಾರ ತಂದರೆ ಸಹಿ ಹಾಕುತ್ತೇನೆ ಎಂದರು. ಅಷ್ಟುದ್ದದ ಮಾತಿಗೆ ಇಷ್ಟೇನಾ ಎಂದು ಅವರು ಕೇಳಲಿಲ್ಲ. ಮಗಳೂ ಉಳಿದದ್ದನ್ನು ಹೇಳಲಿಲ್ಲ. ಉಳಿದದ್ದು ಅವಳಿಗೆ ಹೇಳಿದ್ದಾಗಿತ್ತು, ಅವಳು ಇಟ್ಟುಕೊಂಡಳು.