ಹೆಂಡದಂಗಡಿಯ ಮುಂದೆ ನಿಲ್ಲುವ ಕುದುರೆ
ಹೊಸದಾಗಿ ಎದ್ದ ನಮ್ಮ ರಾಜಾಜಿನಗರದಲ್ಲಿ ಜಟಕಾ ಹೊನ್ನಯ್ಯನ ಬಾಯಿಗೆ ಹೆದರದವರಿಲ್ಲ. ಗಾಡಿಯಲ್ಲಿ ಕೂತವರು ಯಾರನ್ನಾದರೂ ‘ಕುಡುಕ’ ಎಂದರೆ ಸಾಕು, ಮದುವೆಗೆ ಹೊರಟ ಬೀಗರಾದರೂ ಸರಿ, ನಡುದಾರಿಯಲ್ಲೇ ಇಳಿಸಿ, “ಕಾಯಿಲೆ ಮನುಷ್ಯ ಅನ್ನಿ, ಮತ್ತೆ ಹತ್ತಿಸ್ಕೋತೀನಿ” ಎನ್ನುತ್ತಾನೆ. ಕುಡಿತ ಬಿಡಲು ಆಸ್ಪತ್ರೆಗೆ ಹೊರಟವರನ್ನಂತೂ ಮದುಮಗನ ಹಾಗೆ ಹೊಸ ಹುಲ್ಲು ಹಾಸಿ ಕೂರಿಸಿಕೊಂಡು, ದಾರಿಯುದ್ದಕ್ಕೂ ನಗಿಸುತ್ತಾನೆ. ಮಾಗಡಿ ರಸ್ತೆಯ ಹೆಂಡದಂಗಡಿ ಬಂದಾಗ ಮಾತ್ರ ಕುದುರೆ ತಾನಾಗಿಯೇ ನಿಂತುಬಿಡುತ್ತದೆ. ಹೊನ್ನಯ್ಯ ಕುಡಿತ ಬಿಟ್ಟು ವರ್ಷಗಳಾದರೂ ಅದರ ಹಳೆಯ ರೂಢಿ ತಪ್ಪಿಲ್ಲ. “ಚಾವಟಿ ಬೀಸಣ್ಣ” ಎಂದು ಕೂತವರು ಅವಸರಪಡಿಸಿದರೆ, “ನಂಗೂ ಊರೋರೆಲ್ಲ ಬಾರಿಸಿದ್ರು ಕಣಪ್ಪ, ಏಟಿಗೆಲ್ಲ ಬಿಡ್ಲಿಲ್ಲ ನಾನು” ಎಂದು ಕೆಳಗಿಳಿದು, ಅದರ ಕತ್ತು ಸವರುತ್ತಾ, ಅಂಗಡಿ ದಾಟುವವರೆಗೂ ಜೊತೆಯಲ್ಲೇ ನಡೆಯುತ್ತಾನೆ.