ಲಾಡಸಾಬ ಹಾಸಿದ ಜಮಖಾನೆ

ಹಳಿಯಾಳದ ಪೇಟೆಯಲ್ಲಿ ದರ್ಜಿ ಲಾಡಸಾಬನ ಅಂಗಡಿಗೆ ಖಾದಿ ಜುಬ್ಬಾದ ರಾಜಕಾರಣಿಗಳೂ ಬರುತ್ತಿದ್ದರು, ಧಾರವಾಡದ ಕಾಲೇಜುಗಳಿಂದ ರಜೆಗೆ ಬಂದು ಬಿಗಿ ಪ್ಯಾಂಟು ಹೊಲಿಸಿಕೊಳ್ಳುವ ಹುಡುಗರೂ ಬರುತ್ತಿದ್ದರು. ಅವರು ಇವರನ್ನು ಬೈಯುವರು, ಇವರು ಅವರನ್ನು. ಲಾಡಸಾಬ ಎರಡೂ ಕಡೆಯ ಮಾತು ಕೇಳುತ್ತಿದ್ದ. ಒಬ್ಬರದನ್ನು ಇನ್ನೊಬ್ಬರಿಗೆ ಮುಟ್ಟಿಸುತ್ತಿರಲಿಲ್ಲ. ಅದೊಂದು ಗುಣಕ್ಕೇ ಊರು ಅವನನ್ನು ನಂಬಿತ್ತು.

ಆ ನಂಬಿಕೆ ಸುಮ್ಮನೆ ಸಿಕ್ಕಿದ್ದಲ್ಲ. ಅವನು ಹತ್ತಿರದ ಸಾಂಬ್ರಾಣಿ ಊರಿನ ಕಡೆಯವನು, ಆಫ್ರಿಕಾ ಮೂಲದ ಸಿದ್ದಿ ಜನಾಂಗದವನು. ತಂದೆ ತಾಯಿ ಇನ್ನೊಬ್ಬರ ಗದ್ದೆಯಲ್ಲಿ ಬೆನ್ನು ಬಗ್ಗಿಸಿ ದುಡಿದವರು. ಹಳಿಯಾಳಕ್ಕೆ ಬಂದ ಹೊಸದರಲ್ಲಿ ಅವನ ಗುಂಗುರು ಕೂದಲು ನೋಡಿ, ಅಳತೆ ಕೊಡಲು ಹಿಂಜರಿದು ತಿರುಗಿ ಹೋದವರಿದ್ದರು. ಅವನು ಯಾರಿಗೂ ಎದುರಾಡಲಿಲ್ಲ, ಯಾರ ಮುಂದೆಯೂ ತಲೆ ತಗ್ಗಿಸಲೂ ಇಲ್ಲ. ಹೋದವರೇ ಒಬ್ಬೊಬ್ಬರಾಗಿ ಬಟ್ಟೆ ಹಿಡಿದು ಮರಳಿ ಬಂದರು.

ಅರವತ್ನಾಲ್ಕನೇ ಇಸವಿಯ ಬೇಸಿಗೆಯಲ್ಲಿ ವಿಧಾನ ಪರಿಷತ್ತಿನ ಸದಸ್ಯ ದುರ್ಗಪ್ಪನವರು ಊರಿಗೆ ಬಂದರು. ಹಿಂದಿನ ವರ್ಷ ಹಳಿಯಾಳಕ್ಕೊಂದು ಕಾಲೇಜು ತರುತ್ತೇನೆಂದು ಅವರು ಭಾಷಣ ಮಾಡಿ ಹೋಗಿದ್ದರು. ಆಮೇಲೆ ಆ ಸುದ್ದಿಯೇ ಇರಲಿಲ್ಲ. ವಿದ್ಯಾರ್ಥಿಗಳು ಕಪ್ಪು ಬಾವುಟ ಹಿಡಿದು ಪೇಟೆಯಲ್ಲಿ ಅಡ್ಡ ನಿಂತರು. ದುರ್ಗಪ್ಪನವರ ಜೀಪು ನಿಲ್ಲದೆ ಮುಂದೆ ಸರಿಯಿತು. ಆಗ ಬಂದ ಒಂದು ಕಲ್ಲು ಗಾಜು ಒಡೆದು, ಚಾಲಕ ಪರಸಪ್ಪನ ಹಣೆ ಸೀಳಿತು.

ಕಲ್ಲು ಎಸೆದವನು ದಾಂಡೇಲಿಯ ಕಾಗದದ ಕಾರ್ಖಾನೆಯ ಕಾರ್ಮಿಕನೊಬ್ಬನ ಮಗ, ವಿದ್ಯಾರ್ಥಿ ಮಲಕಪ್ಪ. ಅಂಗಡಿಯ ಕಟ್ಟೆಯ ಮೇಲಿದ್ದ ಲಾಡಸಾಬ ಅದನ್ನು ಕಣ್ಣಾರೆ ಕಂಡಿದ್ದ. ಪೊಲೀಸರು ಬಂದು ಕೇಳಿದಾಗ, ಮಾಡಿದವನೇ ಬಂದು ಹೇಳಬೇಕು, ಅದಕ್ಕೆ ಸ್ವಲ್ಪ ಪುರಸೊತ್ತು ಕೊಡಿ ಎಂದ. ಅವರು ಗದರಿಸಿದರು. ಆದರೂ ಅವನು ಹೆಸರು ಹೇಳಲಿಲ್ಲ. ಹೆಂಡತಿ ಹುಸೇನಬಿ ಮನೆಯಲ್ಲಿ ಹೆದರಿ ಅತ್ತಳು. ಬೇರೆಯವರ ಜಗಳಕ್ಕೆ ನಮ್ಮ ಹೊಟ್ಟೆಯ ಮೇಲೆ ಯಾಕೆ ಕಲ್ಲು ಎಂದಳು. ಲಾಡಸಾಬ ಟೋಪಿ ಹಾಕಿಕೊಂಡು, ದುರ್ಗಪ್ಪನವರು ಇಳಿದಿದ್ದ ಪ್ರವಾಸಿ ಬಂಗಲೆಯ ಕಡೆ ನಡೆದ.

ಆ ಹುಡುಗರ ಜೊತೆ ಒಮ್ಮೆ ಕೂತು ಮಾತಾಡಿ ಎಂದು ಅವನು ಕೇಳಿದಾಗ ದುರ್ಗಪ್ಪನವರ ಮುಖ ಕೆಂಪಾಯಿತು.

“ಕಲ್ಲು ಒಗಿಯೋರ ಕೂಡ ಎಂಥಾ ಮಾತು?”

“ಕಲ್ಲು ಒಗದಾಂವ ಒಬ್ಬನ ರೀ. ಉಳದವರೆಲ್ಲಾ ಕೇಳಾಕ ಬಂದಿದ್ರು. ಅವರ ಪ್ರಶ್ನೆ ಆ ಕಲ್ಲಿನ ಬುಡಕ ಸಿಕ್ಕೊಂಡು ಬಿಟ್ಟೈತಿ” ಎಂದ ಲಾಡಸಾಬ.

ದುರ್ಗಪ್ಪನವರ ಸಿಟ್ಟು ಇಳಿಯಿತು. ಭಾನುವಾರ ನಿನ್ನ ಅಂಗಡಿಗೆ ಬರುತ್ತೇನೆ ಎಂದರು.

ಹುಡುಗರನ್ನು ಒಪ್ಪಿಸುವುದು ಅದಕ್ಕಿಂತ ಕಷ್ಟವಾಯಿತು. ಇದು ಪೊಲೀಸರಿಗೆ ಹಿಡಿದು ಕೊಡುವ ಹೂಟ ಎಂದು ಕೆಲವರು ಅವನ ಮುಖದ ಮೇಲೇ ಅಂದರು. ಮೊದಲು ಬರುತ್ತೇನೆಂದವಳು ಸಕ್ಕುಬಾಯಿ, ಆ ಊರಿನಿಂದ ಬಿ.ಎ. ಓದಲು ಹೋದ ಮೊದಲ ಹುಡುಗಿ. ಅವಳು ಹೊರಟ ಮೇಲೆ ಉಳಿದವರಿಗೆ ಮನೆಯಲ್ಲಿ ಕೂರಲು ನಾಚಿಕೆಯಾಯಿತು.

ಅಂಗಡಿಯ ಮುಂದೆ, ಬೇವಿನ ಮರದ ನೆರಳಲ್ಲಿ ಲಾಡಸಾಬ ಜಮಖಾನೆ ಹಾಸಿದ. ಕುರ್ಚಿ ಇಲ್ಲ, ಹಾರ ಇಲ್ಲ, ಮೈಕು ಇಲ್ಲ. ಎಲ್ಲರೂ ನೆಲಕ್ಕೇ ಕೂರಬೇಕು, ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಬಾಯಿ ತೆರೆಯಬಾರದು, ಚಪ್ಪಾಳೆ ತಟ್ಟಬಾರದು ಎಂದು ಹೇಳಿ, ತಾನು ಹೊಲಿಗೆ ಯಂತ್ರದ ಹಿಂದೆ ಹೋಗಿ ಕೂತ.

ಸಕ್ಕುಬಾಯಿ ಘೋಷಣೆ ಕೂಗುವ ದನಿಯಲ್ಲಿ ಮಾತಾಡಲಿಲ್ಲ. ತನ್ನ ಜೊತೆ ಮೆಟ್ರಿಕ್ ಪಾಸಾದ ಗೆಳತಿಯರ ಹೆಸರು ಹೇಳಿದಳು. ಧಾರವಾಡ ದೂರವೆಂದು ಮನೆಯವರು ಅವರ ಓದು ನಿಲ್ಲಿಸಿದ್ದನ್ನು ಹೇಳಿದಳು. ದುರ್ಗಪ್ಪನವರು ಎಲ್ಲವನ್ನೂ ಕೇಳಿಸಿಕೊಂಡರು. ಕಾಲೇಜಿಗೆ ಮಂಜೂರಾತಿ ಸಿಗುವುದು ಖಾತ್ರಿಯಿಲ್ಲದಿದ್ದರೂ ಅಂದು ಮಾತು ಕೊಟ್ಟುಬಿಟ್ಟೆ, ಜನರ ಮುಖ ನೋಡಿ ನಾಲಿಗೆ ಜಾರಿತು ಎಂದು ಒಪ್ಪಿಕೊಂಡರು. ದೊಡ್ಡ ಮನುಷ್ಯರೊಬ್ಬರು ಹಾಗೆ ಹೇಳಿದ್ದನ್ನು ಆ ಹುಡುಗರು ಹಿಂದೆಂದೂ ಕೇಳಿರಲಿಲ್ಲ.

ಆಗ ಮಲಕಪ್ಪ ಎದ್ದು ನಿಂತ.

“ಕಲ್ಲು ನಂದ್ರಿ. ನೀವು ಜೀಪ ನಿಂದ್ರಸಲಿಲ್ಲ ಅಂತ ಸಿಟ್ಟು ಬಂತು. ತಪ್ಪಾತ್ರಿ.”

“ನನಗ ಯಾಕ ಹೇಳ್ತಿ? ಅಲ್ಲಿ ಕುಂತಾನಲ್ಲ, ಅವಗ ಹೇಳು” ಎಂದು ದುರ್ಗಪ್ಪನವರು ಪರಸಪ್ಪನತ್ತ ಕೈ ತೋರಿಸಿದರು.

ಹಣೆಗೆ ಪಟ್ಟಿ ಕಟ್ಟಿಕೊಂಡಿದ್ದ ಪರಸಪ್ಪ ಜಮಖಾನೆಯ ಅಂಚಿನಲ್ಲಿದ್ದ. ಮಲಕಪ್ಪ ಅವನ ಮುಂದೆ ಹೋಗಿ ಕೂತ. ಏನು ಹೇಳಿದನೋ ಲಾಡಸಾಬನಿಗೆ ಕೇಳಿಸಲಿಲ್ಲ. ಪರಸಪ್ಪ ಮೊದಲು ಮುಖ ತಿರುಗಿಸಿದ. ಆಮೇಲೆ ಹುಡುಗನ ಭುಜದ ಮೇಲೆ ಕೈ ಇಟ್ಟ. ದುರ್ಗಪ್ಪನವರು ಅಂದೇ ಠಾಣೆಗೆ ಹೋಗಿ ದೂರು ಹಿಂದೆ ತೆಗೆದುಕೊಂಡರು.

ಕಾಲೇಜು ಆ ವರ್ಷ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಆದರೆ ಪ್ರತಿ ಬೇಸಿಗೆಯಲ್ಲಿ ದುರ್ಗಪ್ಪನವರು ಬಂದು, ಎಲ್ಲಿಯವರೆಗೆ ಓಡಾಡಿದೆ, ಯಾರು ಅಡ್ಡ ನಿಂತರು ಎಂದು ನೆಲಕ್ಕೆ ಕೂತೇ ಹೇಳಿದರು. ಹುಡುಗರು ಖಾರವಾಗಿಯೇ ಪ್ರಶ್ನೆ ಕೇಳಿದರು. ಮುಂಡಗೋಡದಿಂದ, ಜೋಯಿಡಾದಿಂದ ಕೂಡ ವಿದ್ಯಾರ್ಥಿಗಳು ಬರತೊಡಗಿದರು.

ಅರವತ್ತೆಂಟರಲ್ಲಿ ಎಲ್ಲರ ಮಾತು ಮುಗಿದ ಮೇಲೆ ಲಾಡಸಾಬ ಯಂತ್ರದ ಹಿಂದಿನಿಂದ ಎದ್ದು ಬಂದ. ತಾನು ಹುಟ್ಟಿದ ಸಿದ್ದಿ ಕೇರಿಯ ಮಕ್ಕಳಿಗೆ ಶಾಲೆಯಿಲ್ಲ, ಮಳೆಗಾಲದಲ್ಲಿ ಹಳ್ಳ ದಾಟಿ ಸಾಂಬ್ರಾಣಿಗೆ ಹೋಗಲಾಗುವುದಿಲ್ಲ ಎಂದು ಹೇಳಿದ.

“ಇಷ್ಟ ವರ್ಷ ಯಾಕ ಕೇಳಲಿಲ್ಲ, ಲಾಡಸಾಬ?” ಎಂದು ದುರ್ಗಪ್ಪನವರು ಕೇಳಿದರು.

“ಬಂದವರು ಉಂಡಮ್ಯಾಲ ಅಲ್ಲೇನ್ರಿ ಮನಿಯವರು ಊಟಕ್ಕ ಕೂಡೂದು?”

ಸರಕಾರ ಮಾಸ್ತರರನ್ನು ಕಳಿಸುವ ತನಕ ತಾನೇ ಹೋಗಿ ಕಲಿಸುತ್ತೇನೆ ಎಂದ ಮಲಕಪ್ಪ. ಅಷ್ಟರಲ್ಲಿ ಅವನು ಪದವಿ ಮುಗಿಸಿ ಕೆಲಸ ಹುಡುಕುತ್ತಿದ್ದ. ಮಳೆ ಹಿಡಿಯುವ ಮೊದಲೇ ಆ ಕೇರಿಯಲ್ಲಿದ್ದ ಹುಸೇನಬಿಯ ಅಕ್ಕನ ಮನೆಯ ಪಡಸಾಲೆಯಲ್ಲಿ ಮಕ್ಕಳು ಸಾಲಾಗಿ ಕೂತು ಅಕ್ಷರ ತಿದ್ದತೊಡಗಿದರು.